ಖಾಲಿ ಪಾತ್ರೆಯ ತೂಕ: ರೇಡಾರಿನ ಫಿಲ್ಟರ್ ಬಗ್ಗೆ ವೈದ್ಯನೊಬ್ಬನ ಮಾತು

(ಸಂಘದ ವಾರ್ಷಿಕೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಗೋಷ್ಠಿಗೆ ನನ್ನಂಥ ಡಾಕ್ಟರೊಬ್ಬರನ್ನು ಹಿಡಿದು ತಂದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳಲ್ಲಿ ಒಂದರ ಮೇಲೆ ಮಾತಾಡಿಸುವುದು ನಮ್ಮ ವಾಡಿಕೆ. ಆ ಭಾಷಣ ಮುಗಿದ ಕೂಡಲೇ ಎಲ್ಲರೂ ಎದ್ದು ಹೋಳಿಗೆ ಊಟಕ್ಕೆ ಸಾಲು ನಿಲ್ಲುವುದೂ ವಾಡಿಕೆ. ಈ ಸಲ ನಿಮ್ಮ ಊಟದ ರುಚಿ ಕೆಡಿಸಬಾರದೆಂದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ರೇಡಾರಿನ ರಿಸೀವರಿನೊಳಗೆ ಸೇರಿಕೊಳ್ಳುವ ಡಿ.ಸಿ. ಆಫ್‌ಸೆಟ್ ಎಂಬ ಪೀಡೆ, ಮತ್ತು ಅದನ್ನು ಸೋಸಿ ತೆಗೆಯುವ ಡಿಜಿಟಲ್ ಫಿಲ್ಟರ್. ಫಿಲ್ಟರ್ ಎಂದರೆ ನಮ್ಮವರಿಗೆ ಮೊದಲು ಹೊಳೆಯುವುದು ಕಾಫಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲದಿಲ್ಲ: ಎರಡರಲ್ಲೂ ಯಾವುದು ಕೆಳಗಿಳಿಯಬೇಕು, ಯಾವುದು ಮೇಲೆ ಉಳಿಯಬೇಕು ಎಂಬುದೇ ಪ್ರಶ್ನೆ.

ಎಂ.ಬಿ.ಬಿ.ಎಸ್. ಓದಿದವನಿಗೆ ರೇಡಾರಿನ ಗೊಡವೆ ಏಕೆ ಎಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಇಂಜಿನಿಯರುಗಳ ಮುಖ ಕೇಳುತ್ತಿದೆ. ಪಿ.ಯು.ಸಿ.ಯಲ್ಲಿ ಕಲಿತ ಭೌತಶಾಸ್ತ್ರವನ್ನು ನಾನು ಪರೀಕ್ಷೆಯ ಮರುದಿನವೇ ಮರೆತವನು. ಹಾಗಿದ್ದೂ ಈ ವಿಷಯ ನನ್ನನ್ನು ಹುಡುಕಿಕೊಂಡು ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನಾನು ಕೆಲಸ ಮಾಡುವ ಕಡೆ, ನಿದ್ರೆಯ ತೊಂದರೆಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಒಂದು ಹೊಸ ಸಾಧನ ಬಂತು. ಇನ್ನೂ ಮಾರಾಟಕ್ಕೆ ಬರದ ಪ್ರಾಯೋಗಿಕ ಮಾದರಿ. ಹಾಸಿಗೆಯ ಒಂದು ಬದಿಗೆ ಸ್ಟ್ಯಾಂಡಿನ ಮೇಲೆ ಕೂರಿಸುವ ಅಂಗೈಯಗಲದ ರೇಡಾರ್. ಮಲಗಿದವರ ಮೈಗೆ ತಂತಿ, ಪಟ್ಟಿ ಏನನ್ನೂ ಅಂಟಿಸದೆ ಎದೆಯ ಏರಿಳಿತವನ್ನು ದೂರದಿಂದಲೇ ಗಮನಿಸಿ ಉಸಿರು ಎಣಿಸುವುದು ಅದರ ಕೆಲಸ. ರೋಗಿಯ ಮೇಲೆ ಪ್ರಯೋಗಿಸುವ ಮೊದಲು ನಾನೇ ಮಲಗಿ ನೋಡುವುದು ನನ್ನ ಅಭ್ಯಾಸ. ಮಲಗಿದೆ. ನಿಮಿಷಕ್ಕೆ 14 ಉಸಿರು ಎಂದು ಪರದೆ ತೋರಿಸಿತು. ಸರಿಯಾಗಿಯೇ ಇತ್ತು. ಆಮೇಲೆ ಉಸಿರು ಬಿಗಿಹಿಡಿದೆ. ಹತ್ತು ಸೆಕೆಂಡಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ಎಚ್ಚರಿಕೆಯ ಗಂಟೆ ಬಾರಿಸಬೇಕಿತ್ತು, ಬಾರಿಸಲಿಲ್ಲ. ಪರದೆಯ ಮೇಲೆ ಬಂದದ್ದು ಇಷ್ಟು: ಹಾಸಿಗೆ ಖಾಲಿ ಇದೆ.

ನಾನು 82 ಕಿಲೋ ತೂಗುವ ಆಸಾಮಿ. ಮಲಗಿದ್ದ ಜಾಗದಿಂದ ಅಲುಗಿರಲಿಲ್ಲ. ಅಲುಗದೆ ಇದ್ದದ್ದೇ ನನ್ನ ತಪ್ಪಾಗಿತ್ತು.

ನಗುವ ವಿಷಯವೇ ಹೌದು. ಆದರೆ ಒಂದು ಕ್ಷಣ ಯೋಚಿಸಿ. ಯಾರ ಉಸಿರು ನಿಜವಾಗಿಯೂ ನಿಂತಿದೆಯೋ ಆತನಿಗಾಗಿಯೇ ಇರುವ ಗಂಟೆ ಅದು. ದೊಡ್ಡವರಲ್ಲಿ ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ನಿಂತರೆ ನಾವು ಅದನ್ನು ಆಪ್ನಿಯಾ ಎಂದು ಲೆಕ್ಕಕ್ಕೆ ಹಿಡಿಯುತ್ತೇವೆ. ಅದರಲ್ಲಿ ಎರಡು ಜಾತಿ. ಗಂಟಲು ಮುಚ್ಚಿಕೊಂಡು ಆಗುವ ಆಪ್ನಿಯಾದಲ್ಲಿ ಎದೆ, ಹೊಟ್ಟೆ ಒದ್ದಾಡುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಮಿದುಳಿನಿಂದಲೇ ಆಜ್ಞೆ ಬಾರದ ಇನ್ನೊಂದು ಜಾತಿಯಲ್ಲಿ ಎದೆ ಸ್ತಬ್ಧ. ಈ ಎರಡನೆಯವನು ನಮ್ಮ ರೇಡಾರಿನ ಕಣ್ಣಿಗೆ ಗೋಡೆಯಂತೆ. ಹೃದಯದ ಬಡಿತದಿಂದ ಎದೆಯ ಮೇಲ್ಮೈ ಅರ್ಧ ಮಿಲಿಮೀಟರಿಗಿಂತ ಕಡಿಮೆ ಕದಲುತ್ತದೆ ಎಂಬುದೇನೋ ನಿಜ. ಆ ಸಾಧನದ ಗದ್ದಲದಲ್ಲಿ ಅದು ಮುಳುಗಿಹೋಗಿತ್ತು. ಹೃದಯವೂ ನಿಂತವನಲ್ಲಿ ಅದೂ ಇರುವುದಿಲ್ಲ.

ಆ ವಾರಾಂತ್ಯ ನಮ್ಮ ಸಂಘದವರೇ ಆದ ಇಂಜಿನಿಯರ್ ಮಿತ್ರರೊಬ್ಬರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಅವರು ವರ್ಷಗಟ್ಟಲೆ ರೇಡಾರ್ ರಿಸೀವರುಗಳ ಜೊತೆ ಏಗಿದವರು. ಪ್ರಸಾದ ತಿನ್ನುತ್ತ ಕಥೆ ಹೇಳಿದೆ. ಅವರು ನಗಲಿಲ್ಲ. “ಡಾಕ್ಟ್ರೇ, ನಿಮ್ಮನ್ನು ಡಿ.ಸಿ. ಅಂತ ತಿಳಿದು ಸೋಸಿ ಬಿಸಾಕಿದಾರೆ” ಎಂದರು. ಆಮೇಲೆ ಅಡಿಗೆಮನೆಯ ಮೇಜಿನ ಮೇಲೆ, ಪೂಜೆಯ ಸಾಮಾನಿನ ಪಟ್ಟಿಯ ಹಿಂಬದಿಯಲ್ಲಿ, ಅವರು ಬರೆದು ತೋರಿಸಿದ ಲೆಕ್ಕವೇ ಈ ಭಾಷಣದ ತಿರುಳು. ತಪ್ಪುಗಳೇನಾದರೂ ಇದ್ದರೆ ಅವು ನನ್ನವು.

ಡಿ.ಸಿ. ಆಫ್‌ಸೆಟ್ ಎಂದರೇನು? ಹಿಂದೆ ಊರಿನಲ್ಲಿ ಎಣ್ಣೆ ತರಲು ಪಾತ್ರೆ ಹಿಡಿದು ಅಂಗಡಿಗೆ ಹೋಗುತ್ತಿದ್ದೆವು. ಶೆಟ್ಟರು ಮೊದಲು ಖಾಲಿ ಪಾತ್ರೆಯನ್ನು ತಕ್ಕಡಿಗಿಟ್ಟು ತೂಗಿ, ಆಮೇಲೆ ಎಣ್ಣೆ ಸುರಿದು, ಪಾತ್ರೆಯ ತೂಕ ಕಳೆಯುತ್ತಿದ್ದರು. ಆ ಖಾಲಿ ಪಾತ್ರೆಯ ತೂಕವೇ ಆಫ್‌ಸೆಟ್. ಅಳೆಯಬೇಕಾದದ್ದು ಸೊನ್ನೆ ಇದ್ದಾಗಲೂ ಮುಳ್ಳು ಸೊನ್ನೆಯಲ್ಲಿ ನಿಲ್ಲದೆ ಒಂದು ಕಡೆಗೆ ವಾಲಿಕೊಂಡಿರುವುದು.

ವೈದ್ಯರಿಗೆ ಇದು ಹೊಸದಲ್ಲ. ಇ.ಸಿ.ಜಿ. ತೆಗೆಯುವಾಗ ಎದೆಗೆ ಅಂಟಿಸುವ ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವೆ ಒಂದು ಪುಟ್ಟ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಹೃದಯದ ಸಂಕೇತ ಚರ್ಮದ ಮೇಲೆ ಸುಮಾರು 1 ಮಿಲಿವೋಲ್ಟ್. ಆ ಬ್ಯಾಟರಿಯ ಪಾಲು 300 ಮಿಲಿವೋಲ್ಟಿನವರೆಗೆ ಹೋದರೂ ಯಂತ್ರ ತಡೆದುಕೊಳ್ಳಬೇಕೆಂದು ಮಾನದಂಡಗಳು ಹೇಳುತ್ತವೆ. ಎಂದರೆ ಎಣ್ಣೆಗಿಂತ ಪಾತ್ರೆಯೇ ಮುನ್ನೂರು ಪಟ್ಟು ಭಾರ! ರೇಡಾರಿನಲ್ಲೂ ಇದೇ ಪಾಡು. ಬಂದ ಅಲೆಯನ್ನು ರಿಸೀವರ್ ತನ್ನದೇ ಒಂದು ಅಲೆಯ ಜೊತೆ ಗುಣಿಸಿ ವ್ಯತ್ಯಾಸವನ್ನು ತೆಗೆಯುತ್ತದೆ. ಆ ಸ್ವಂತ ಅಲೆ ಒಂದಿಷ್ಟು ಸೋರಿ ಬಾಗಿಲಿಗೆ ಬಂದು ಹೊರಗಿನವನ ವೇಷದಲ್ಲಿ ಒಳಹೊಕ್ಕರೆ, ತನ್ನನ್ನು ತಾನೇ ಗುಣಿಸಿಕೊಂಡು ಒಂದು ಸ್ಥಿರ ವೋಲ್ಟೇಜಾಗಿ ಕೂರುತ್ತದೆ. ಆಂಪ್ಲಿಫೈಯರಿನ ಮತ್ತು ಅಂಕಿಗಳಾಗಿ ಪರಿವರ್ತಿಸುವ ಚಿಪ್ಪಿನ ದೋಷಗಳೂ ಅದಕ್ಕೆ ಸೇರುತ್ತವೆ. ಯಂತ್ರ ಬಿಸಿಯಾದಂತೆ ಅದು ನಿಧಾನವಾಗಿ ಜರುಗುತ್ತದೆ ಬೇರೆ.

ಇನ್ನು ಮ್ಯಾಚ್ಡ್ ಫಿಲ್ಟರ್. ತಾಳೆ ನೋಡುವ ಜರಡಿ ಎನ್ನೋಣ. ಜಾತ್ರೆಯ ಗದ್ದಲದಲ್ಲಿ ನೂರು ಮಕ್ಕಳು ಕೂಗಿದರೂ ತಾಯಿಗೆ ತನ್ನ ಮಗುವಿನ ಕೂಗು ಕೇಳುತ್ತದೆ, ಏಕೆಂದರೆ ಆ ಕೂಗಿನ ಅಚ್ಚು ಅವಳ ಕಿವಿಯಲ್ಲಿದೆ. ರೇಡಾರ್ ತಾನು ಕಳಿಸಿದ ಸಂಕೇತದ ಅಚ್ಚನ್ನು ಇಟ್ಟುಕೊಂಡು, ಬಂದ ಗದ್ದಲದ ಮೇಲೆ ಅದನ್ನು ಜರುಗಿಸುತ್ತ ಎಲ್ಲಿ ತಾಳೆಯಾಗುತ್ತದೆ ಎಂದು ನೋಡುತ್ತದೆ. ಗದ್ದಲದ ಎದುರು ಸಂಕೇತವನ್ನು ಅತ್ಯಂತ ಎತ್ತರಕ್ಕೆ ಏರಿಸುವುದು ಈ ಫಿಲ್ಟರೇ ಎಂದು 1943ರಲ್ಲಿ ಆರ್.ಸಿ.ಎ. ಕಂಪನಿಯ ಡಿ. ಓ. ನಾರ್ತ್ ತೋರಿಸಿದರು. 1953ರಲ್ಲಿ ಆರ್. ಎಚ್. ಬಾರ್ಕರ್ ಕೆಲವು ವಿಶೇಷ ಸಂಕೇತಗಳನ್ನು ಪ್ರಕಟಿಸಿದರು. ಅವರ ಹೆಸರಿನ ಸಂಕೇತಗಳಲ್ಲಿ ಗೊತ್ತಿರುವ ಉದ್ದನೆಯದು 13 ತುಂಡುಗಳದ್ದು:

+ + + + + − − + + − + − +

ದಯವಿಟ್ಟು ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಕ್ಕಳಿದ್ದರೆ ಅವರ ಕೈಗೆ ಕೊಡಿ, ಬೇಗ ಲೆಕ್ಕ ಮಾಡುತ್ತಾರೆ. ಅಚ್ಚೂ ಇದೇ, ಬಂದ ಮಾರ್ದನಿಯೂ ಇದೇ. ಸರಿಯಾಗಿ ಒಂದರ ಮೇಲೊಂದು ಕೂತಾಗ ಹದಿಮೂರು ಗುಣಲಬ್ಧಗಳೂ ಧನ, ಮೊತ್ತ 13. ಒಂದೇ ಒಂದು ಮನೆ ಆಚೀಚೆ ಜರುಗಿದರೂ ಮೊತ್ತ 1ನ್ನು ಮೀರುವುದಿಲ್ಲ. ಬಯಲಿನ ನಡುವೆ ಒಂದೇ ಶಿಖರ. ಇದು ಬಾರ್ಕರ್ ಸಂಕೇತದ ಸೊಗಸು.

ಈಗ ಇದಕ್ಕೆ ಡಿ.ಸಿ. ಬೆರೆಸಿ. ಅಚ್ಚಿನಲ್ಲಿ ಧನ ಚಿಹ್ನೆಗಳು 9, ಋಣ ಚಿಹ್ನೆಗಳು 4. ಕೂಡಿದರೆ 5 ಉಳಿಯುತ್ತದೆ. ಸ್ಥಿರವಾದ ವೋಲ್ಟೇಜು ಈ ಅಚ್ಚಿನ ಮೂಲಕ ಹಾದರೆ ಐದು ಪಟ್ಟಾಗಿ ಹೊರಬರುತ್ತದೆ. ಮಾರ್ದನಿಯ ಬಲ 1, ಆಫ್‌ಸೆಟ್ 10 ಎಂದಿಟ್ಟುಕೊಳ್ಳಿ. ಶಿಖರ ಬರೀ 13, ಅದು ನಿಂತಿರುವ ನೆಲವೇ 50. ಇಷ್ಟಕ್ಕಿಂತ ಎತ್ತರವಿದ್ದರೆ ಗುರಿ ಎಂದು ತಿಳಿ ಎಂಬ ಗೆರೆ ಎಳೆದಿದ್ದರೆ ಆ ಗೆರೆ ಎಂದೋ ಮುಳುಗಿಹೋಗಿದೆ.

ಮಿತ್ರರು ಇಲ್ಲಿ ಪೆನ್ನು ನಿಲ್ಲಿಸಿ, ಏನು ಮಾಡುತ್ತೀರಿ ಎಂದು ನನ್ನನ್ನೇ ಕೇಳಿದರು. ಅಚ್ಚಿನ ಮೊತ್ತ ಸೊನ್ನೆಯಾಗುವಂತೆ ಮಾಡಬೇಕು ಎಂದೆ. ಹೆಚ್ಚಿನ ಬುದ್ಧಿವಂತಿಕೆ ಏನೂ ಬೇಕಿರಲಿಲ್ಲ. ಪ್ರತಿ ಅಂಕಿಯಿಂದಲೂ ಸರಾಸರಿಯನ್ನು, ಎಂದರೆ ಹದಿಮೂರನೇ ಐದು ಭಾಗವನ್ನು ಕಳೆಯುವುದು. ಆ ಭಿನ್ನರಾಶಿ ಕಂಪ್ಯೂಟರಿನ ದ್ವಿಮಾನ ಅಂಕಿಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಸ್ವಲ್ಪ ಉಳಿದರೂ ಆಫ್‌ಸೆಟ್ ಆ ಕಿಂಡಿಯಿಂದ ನುಗ್ಗುತ್ತದೆ. ಅವರು ಎಲ್ಲವನ್ನೂ 13ರಿಂದ ಗುಣಿಸಿ 2ರಿಂದ ಭಾಗಿಸಿದರು. ಧನ ಇದ್ದಲ್ಲೆಲ್ಲ 4, ಋಣ ಇದ್ದಲ್ಲೆಲ್ಲ −9. ಒಂಬತ್ತು ನಾಲ್ಕುಗಳು 36, ನಾಲ್ಕು ಒಂಬತ್ತುಗಳು 36. ಕೂಡಿ ಕಳೆದರೆ ಸೊನ್ನೆ, ಒಂದು ಕೂದಲೆಳೆಯೂ ಉಳಿಯುವುದಿಲ್ಲ. ಅಷ್ಟು ಹೊತ್ತು ಗಂಭೀರವಾಗಿದ್ದ ಮನುಷ್ಯ ಇದನ್ನು ಬರೆದು ಮಗುವಿನ ಹಾಗೆ ನಕ್ಕರು.

ಇದಕ್ಕೆ ತೆರಬೇಕಾದ ಬೆಲೆ ಎಷ್ಟು? ಹೊಸ ಅಚ್ಚಿನ ಶಿಖರ 72. ಗದ್ದಲವೂ ಅಂಕಿಗಳ ವರ್ಗದ ಮೊತ್ತದಂತೆ ಬೆಳೆಯುತ್ತದೆ: 16ರ ಒಂಬತ್ತು ಪಟ್ಟು, 81ರ ನಾಲ್ಕು ಪಟ್ಟು, ಒಟ್ಟು 468. ಶಿಖರದ ವರ್ಗವನ್ನು ಇದರಿಂದ ಭಾಗಿಸಿದರೆ 11.08. ಮೊದಲು ಇದು 13 ಇತ್ತು. ಸುಮಾರು 0.7 ಡೆಸಿಬೆಲ್ ನಷ್ಟ. ರೇಡಾರಿನಲ್ಲಿ ದೂರ ಎಂಬುದು ಈ ಅಂಕಿಯ ನಾಲ್ಕನೇ ಮೂಲದಂತೆ ಬದಲಾಗುವುದರಿಂದ, 100 ಕಿಲೋಮೀಟರ್ ಕಾಣುತ್ತಿದ್ದದ್ದು 96 ಕಿಲೋಮೀಟರ್ ಕಾಣುತ್ತದೆ. ಅಗ್ಗದ ವ್ಯಾಪಾರ ಎಂದೆ. ನಿಲ್ಲಿ, ಬಿಲ್ಲಿನ ಎರಡನೇ ಪುಟ ನೋಡಿ ಎಂದರು.

ಎರಡನೇ ಪುಟವೇ ನನ್ನ ನಿದ್ದೆ ಕೆಡಿಸಿದ್ದು.

ಹಳೆಯ ಅಚ್ಚಿನಲ್ಲಿ ಶಿಖರದ ಅಕ್ಕಪಕ್ಕದ ದಿಬ್ಬಗಳು ಶಿಖರದ ಹದಿಮೂರನೇ ಒಂದು ಭಾಗ ಮಾತ್ರ ಇದ್ದವು. ಹೊಸ ಅಚ್ಚನ್ನು ಒಂದು ಮನೆ ಜರುಗಿಸಿ ಕೂಡಿಸಿ ನೋಡಿ: −10 ಬರುತ್ತದೆ. 72ರ ಶಿಖರದ ಪಕ್ಕದಲ್ಲೇ 10 ಆಳದ ಹಳ್ಳ. ಎಂದರೆ ಏಳನೇ ಒಂದು ಭಾಗ. ಇಪ್ಪತ್ತನಾಲ್ಕು ಪಕ್ಕದ ಮನೆಗಳನ್ನೂ ಒಂದೊಂದಾಗಿ ಕೂಡಿಸಿದರೆ, ನಾನು ಮನೆಗೆ ಬಂದು ರಾತ್ರಿ ಕೂತು ಕೂಡಿಸಿದೆ, ಒಟ್ಟು ಸರಿಯಾಗಿ −72! ಆಕಸ್ಮಿಕವಲ್ಲ. ಡಿ.ಸಿ.ಯನ್ನು ಪೂರಾ ತಡೆಯುವ ಫಿಲ್ಟರಿನಿಂದ ಹೊರಬರುವ ಎಲ್ಲದರ ಮೊತ್ತ ಸೊನ್ನೆಯೇ ಆಗಿರಬೇಕು. ಶಿಖರದಲ್ಲಿ 72 ಸಾಲ ಪಡೆದರೆ ಎಲ್ಲೋ ಒಂದು ಕಡೆ 72 ತೀರಿಸಲೇಬೇಕು. ಬಡ್ಡಿ ಇಲ್ಲದಿದ್ದರೂ ಅಸಲು ಬಿಡುವುದಿಲ್ಲ.

ಇದನ್ನು ಕೇಳಿದ ಕೂಡಲೇ ನನಗೆ ನನ್ನ ರೆಸಿಡೆನ್ಸಿಯ ಒಂದು ರಾತ್ರಿ ನೆನಪಾಯಿತು. ಬೆಳಗಿನ ಜಾವ ಮೂರು ಗಂಟೆ. ಹಾಸಿಗೆಯ ಪಕ್ಕದ ಮಾನಿಟರಿನಲ್ಲಿ ರೋಗಿಯೊಬ್ಬರ ಎಸ್.ಟಿ. ಭಾಗ ಕೆಳಗಿಳಿದಿದೆ ಎಂದು ನರ್ಸ್ ಕರೆದರು. ಎಸ್.ಟಿ. ಎಂದರೆ ಹೃದಯದ ದೊಡ್ಡ ಮೊನೆಯಾದ ಆರ್. ಅಲೆಯ ನಂತರ ಬರುವ ಸಮತಟ್ಟು ಜಾಗ. ಅದು ಕುಸಿದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದು ಎಂಬ ಅನುಮಾನ. ನಾನು ಔಷಧಿಯ ಪಟ್ಟಿ ಬರೆಯಲು ಶುರುಮಾಡಿಯೇ ಬಿಟ್ಟಿದ್ದೆ. ಹಿರಿಯ ವೈದ್ಯರೊಬ್ಬರು ಬಂದು, ಕಾಗದದ ಅಂಚಿನಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿ, ಹನ್ನೆರಡು ಲೀಡಿನ ಪೂರ್ತಿ ಇ.ಸಿ.ಜಿ. ತೆಗೆಸಿದರು. ಅದರಲ್ಲಿ ಎಸ್.ಟಿ. ಸರಿಯಾಗಿತ್ತು. ಮಾನಿಟರು ಆ ರೋಗಿಗಿಲ್ಲದ ಕಾಯಿಲೆಯನ್ನು ತಾನೇ ಬರೆದಿತ್ತು.

ಕಾರಣ ಇದೇ ಸಾಲ. ಉಸಿರಾಟಕ್ಕೆ, ಮಗ್ಗುಲು ಬದಲಿಸುವುದಕ್ಕೆ ಗೆರೆ ತೇಲಾಡದಿರಲಿ ಎಂದು ಮಾನಿಟರುಗಳು ಸಾಮಾನ್ಯವಾಗಿ 0.5 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸುತ್ತವೆ. ರೋಗನಿರ್ಣಯದ ಇ.ಸಿ.ಜಿ.ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1975ರಲ್ಲಿ ಹೇಳಿದ್ದು 0.05 ಹರ್ಟ್ಸ್, ಹತ್ತು ಪಟ್ಟು ಕಡಿಮೆ. ಎತ್ತರದ ಆರ್. ಅಲೆಯಲ್ಲಿ ಪಡೆದ ಸಾಲವನ್ನು ಫಿಲ್ಟರು ಅದರ ಹಿಂದೆಯೇ ಬರುವ ಎಸ್.ಟಿ. ಭಾಗದಲ್ಲಿ ತೀರಿಸುತ್ತದೆ. 1990ರಲ್ಲಿ ಅದೇ ಸಂಸ್ಥೆ, ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಮನಾಗಿ ನೋಡುವ ಡಿಜಿಟಲ್ ಫಿಲ್ಟರ್ ಆದರೆ 0.67 ಹರ್ಟ್ಸ್‌ವರೆಗೆ ಹೋಗಬಹುದು ಎಂದು ಸಡಿಲಿಸಿತು. ಸಾಲ ಎರಡೂ ಕಡೆ ಹಂಚಿಹೋಗುತ್ತದಲ್ಲ, ಎಸ್.ಟಿ.ಯೊಂದರ ತಲೆಗೇ ಬೀಳುವುದಿಲ್ಲ. ಇದನ್ನು ನಾನು ವರ್ಷಗಟ್ಟಲೆ ನಿಯಮವೆಂದು ಬಾಯಿಪಾಠ ಮಾಡಿದ್ದೆ. ಏಕೆ ಎಂದು ತಿಳಿದದ್ದು ಪೂಜೆಯ ಪಟ್ಟಿಯ ಹಿಂಬದಿಯಲ್ಲಿ.

ರೇಡಾರಿಗೆ ಬರೋಣ. ಸಾಲ ತೀರಿಸಲೇಬೇಕಾದರೆ ಎಲ್ಲಿ ತೀರಿಸುವುದು ಎಂದು ಆರಿಸಿಕೊಳ್ಳಲು ಬರುತ್ತದೆಯೇ? ಬರುತ್ತದೆ. ನಮ್ಮ −72ನ್ನು ಬಿಡಿಸಿ ನೋಡಿದರೆ ಶಿಖರದ ಮೊದಲಿನ ಮನೆಗಳಲ್ಲಿ −71, ನಂತರದ ಮನೆಗಳಲ್ಲಿ ಬರೀ −1. ಇ.ಸಿ.ಜಿ.ಗೆ ತಿರುವುಮುರುವು: ಇಲ್ಲಿ ಮುಂಗಡ ಪಾವತಿ. ರೇಡಾರಿನಲ್ಲಿ ಮೊದಲು ಎಂದರೆ ಹತ್ತಿರ, ನಂತರ ಎಂದರೆ ದೂರ. ಹಾಸಿಗೆಯ ಆಚೆ ಗೋಡೆ ಇದೆ ಎನ್ನಿ. ಗೋಡೆಯ ಮಾರ್ದನಿ ರೋಗಿಯದಕ್ಕಿಂತ ಎಷ್ಟೋ ಬಲವಾದದ್ದು. ಅದರ ಸಾಲವೆಲ್ಲ ಈಚೆಗೆ, ಮಲಗಿದ ರೋಗಿಯ ಎದೆಯ ಮೇಲೆ ಬೀಳುತ್ತದೆ! ಅದೇ ಸಂಕೇತವನ್ನು ಬಾಲದಿಂದ ತಲೆಯ ಕಡೆಗೆ ಕಳಿಸಿ, ಅಚ್ಚನ್ನೂ ಹಾಗೆಯೇ ತಿರುಗಿಸಿದರೆ ಲೆಕ್ಕ ಅದಲುಬದಲು. −71 ಗೋಡೆಯ ಹಿಂದೆ, ಯಾರೂ ಮಲಗದ ಜಾಗದಲ್ಲಿ. ಗೋಡೆಗೆ ತೀರ ಅಂಟಿಕೊಂಡ ಮೊದಲ ಮನೆಯಲ್ಲಿ ಮಾತ್ರ −10 ಹಾಗೇ ಉಳಿಯುತ್ತದೆ. ಒಂದು ನ್ಯಾನೊಸೆಕೆಂಡಿನ ತುಂಡಾದರೆ ಒಂದು ಮನೆ ಎಂದರೆ 15 ಸೆಂಟಿಮೀಟರ್. ಮಂಚವನ್ನು ಗೋಡೆಯಿಂದ ಅಷ್ಟು ಸರಿಸಿದರಾಯಿತು. ಮನೆಬಳಕೆಯ ರೇಡಾರುಗಳಲ್ಲಿ ಅನೇಕವು ಈ ಸಂಕೇತದ ಬದಲು ಫ್ರೀಕ್ವೆನ್ಸಿಯನ್ನು ಏರಿಸುತ್ತ ಹೋಗುವ ವಿಧಾನ ಬಳಸುತ್ತವೆ. ಅವುಗಳ ಲೆಕ್ಕ ಬೇರೆ, ಸಾಲದ ನಿಯಮ ಒಂದೇ.

ಎಲ್ಲ ಕಡೆಯೂ ಈ ಫಿಲ್ಟರೇ ಬೇಕೆಂದಿಲ್ಲ. ಮಾರ್ದನಿ ಬರಲು ಸಾಧ್ಯವೇ ಇಲ್ಲದ ಒಂದು ಬಿಡುವಿನ ಗಳಿಗೆ ರಿಸೀವರಿಗೆ ಸಿಕ್ಕರೆ, ಆಗ ಬರುವ ವೋಲ್ಟೇಜನ್ನು ಅಳೆದು ಕಳೆಯುವುದು ಎಲ್ಲಕ್ಕಿಂತ ಅಗ್ಗ. ಸಂಕೇತವನ್ನು ಒಮ್ಮೆ ನೇರವಾಗಿ, ಮರುಸಲ ಎಲ್ಲ ಚಿಹ್ನೆ ತಿರುಗಿಸಿ ಕಳಿಸಿ, ಒಂದರಿಂದ ಒಂದನ್ನು ಕಳೆಯುವುದು ಮತ್ತೊಂದು ಉಪಾಯ: ಆಗ ಮಾರ್ದನಿ ಇಮ್ಮಡಿಸುತ್ತದೆ, ರಿಸೀವರಿನ ಆಫ್‌ಸೆಟ್ ಸೊನ್ನೆಯಾಗುತ್ತದೆ, ಪಕ್ಕದ ಹಳ್ಳಗಳೂ ಇಲ್ಲ. ಅದಕ್ಕೆ ಕಳಿಸುವ ಯಂತ್ರದ ಸಹಕಾರ ಬೇಕು, ಎರಡು ಸಂಕೇತಗಳ ನಡುವೆ ಗುರಿ ಹೆಚ್ಚು ಕದಲಿರಬಾರದು. ಇನ್ನು ಆಫ್‌ಸೆಟ್ ಎಷ್ಟು ದೊಡ್ಡದೆಂದರೆ ಅಂಕಿಯಾಗಿಸುವ ಚಿಪ್ಪೇ ಉಸಿರುಕಟ್ಟಿ ತುತ್ತತುದಿಗೆ ಅಂಟಿಕೊಂಡಿದೆ ಎಂದಾದರೆ ಯಾವ ಡಿಜಿಟಲ್ ಫಿಲ್ಟರೂ ಕಾಪಾಡಲಾರದು. ಕಳೆದುಹೋದ ಅಂಕಿಯನ್ನು ಗುಣಿಸಿ ತರಲು ಬರುವುದಿಲ್ಲ. ಮಿತ್ರರು ಇನ್ನೊಂದನ್ನೂ ಹೇಳಿದರು: ಗುಣಿಸಿದ ಮೇಲೆ ಉದ್ದದ ಅಂಕಿಯ ಬಾಲವನ್ನು ಸುಮ್ಮನೆ ಕತ್ತರಿಸಿದರೆ ಪ್ರತಿ ಸಲವೂ ಕೆಳಗಿನ ಕಡೆಗೇ ಜಾರುತ್ತದೆ, ಡಿ.ಸಿ. ತೆಗೆಯಲು ಕಟ್ಟಿದ ಫಿಲ್ಟರಿನಲ್ಲೇ ಹೊಸ ಡಿ.ಸಿ. ಹುಟ್ಟುತ್ತದೆ. ಅವರು ಹೊಸದರಲ್ಲಿ ಇದನ್ನು ಹುಡುಕುತ್ತ ಒಂದು ವಾರ ಕಳೆದಿದ್ದರಂತೆ.

ಹಾಗಾದರೆ ನನ್ನನ್ನು ಹಾಸಿಗೆಯಿಂದ ಮಾಯ ಮಾಡಿದವರು ಯಾರು? ಇಲ್ಲಿ ಸ್ವಲ್ಪ ಗಮನ ಕೊಡಬೇಕು.

ರೇಡಾರಿನಲ್ಲಿ ಎರಡು ಗಡಿಯಾರಗಳಿವೆ. ಒಂದು ವೇಗದ್ದು: ಒಂದು ಸಂಕೇತ ಕಳಿಸಿದ ಮೇಲೆ ಮಾರ್ದನಿಗಳು ಬರುವ ನ್ಯಾನೊಸೆಕೆಂಡುಗಳ ಕಾಲ. ಇದು ದೂರವನ್ನು ಹೇಳುತ್ತದೆ. ಇನ್ನೊಂದು ನಿಧಾನದ್ದು: ಒಂದು ಸಂಕೇತದಿಂದ ಮುಂದಿನ ಸಂಕೇತಕ್ಕೆ, ಸೆಕೆಂಡಿನಿಂದ ಸೆಕೆಂಡಿಗೆ ಹೋಗುವ ಕಾಲ. ಉಸಿರಾಟ ಕಾಣುವುದು ಇದರಲ್ಲಿ. ರಿಸೀವರಿನ ಆಫ್‌ಸೆಟ್ ಎರಡು ಗಡಿಯಾರದಲ್ಲೂ ಸ್ಥಿರ. ಅಲುಗದ ಮನುಷ್ಯ ನಿಧಾನದ ಗಡಿಯಾರದಲ್ಲಿ ಮಾತ್ರ ಸ್ಥಿರ. ವೇಗದ ಗಡಿಯಾರದಲ್ಲಿ ಆತ ಡಿ.ಸಿ. ಅಲ್ಲವೇ ಅಲ್ಲ; ತನ್ನ ದೂರದಲ್ಲಿ, ಹದಿಮೂರು ಚಿಹ್ನೆಗಳ ಸಮೇತ, ಶಿಖರವಾಗಿ ಎದ್ದು ನಿಂತಿದ್ದಾನೆ. ಎಂದ ಮೇಲೆ 4 ಮತ್ತು −9ರ ಫಿಲ್ಟರ್ ರಿಸೀವರಿನ ಆಫ್‌ಸೆಟ್ಟನ್ನು ಕಳೆಯುತ್ತದೆ, ಆದರೆ ಉಸಿರು ನಿಂತವನನ್ನು ಉಳಿಸುತ್ತದೆ. ಆ ಸಾಧನ ಕಟ್ಟಿದವರು ಹಾಗೆ ಮಾಡಿರಲಿಲ್ಲ. ನಿಧಾನದ ಗಡಿಯಾರದಲ್ಲಿ, 0.05 ಹರ್ಟ್ಸ್‌ನ ಒಂದು ಫಿಲ್ಟರ್ ಇಟ್ಟು, ಆಫ್‌ಸೆಟ್, ಗೋಡೆ, ಮಂಚ ಎಲ್ಲವನ್ನೂ ಒಂದೇ ಏಟಿಗೆ ಗುಡಿಸಿದ್ದರು. ಒಂದೇ ಪೊರಕೆ, ಮೂರು ಕೆಲಸ. ಕಸದ ಜೊತೆ ನಾನೂ ಹೋದೆ.

ಈ 0.05 ಹರ್ಟ್ಸ್ ನೋಡಿ ನನಗೆ ನಗು ಬಂತು, ಇ.ಸಿ.ಜಿ.ಯ ಅಂಕಿಯೇ ಅದು. ಅಂಥ ಸರಳ ಫಿಲ್ಟರು ಸುಮಾರು 3.2 ಸೆಕೆಂಡಿಗೊಮ್ಮೆ, ಇರುವುದರ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಮರೆಯುತ್ತದೆ. ನಿಮಿಷಕ್ಕೆ 12ರಿಂದ 20 ಸಲದ ಉಸಿರಾಟ ಅದರಲ್ಲಿ ಚೆನ್ನಾಗಿಯೇ ಹಾದುಹೋಗುತ್ತದೆ. ನಿಶ್ಚಲವಾದ ಎದೆ 10 ಸೆಕೆಂಡಿನಲ್ಲಿ ನೂರಕ್ಕೆ 4ರಷ್ಟು ಮಾತ್ರ ಉಳಿಯುತ್ತದೆ. ಆಪ್ನಿಯಾ ಎಂದು ಕರೆಯಲು ನಮ್ಮ ಶಾಸ್ತ್ರ ಕೇಳುವ ಅದೇ 10 ಸೆಕೆಂಡು! ಇವನಿಗೆ ಉಸಿರು ನಿಂತಿದೆ ಎಂದು ನಾವು ಹೇಳಬಹುದಾದ ಗಳಿಗೆಗೆ ಸರಿಯಾಗಿ ಇವನು ಇಲ್ಲವೇ ಇಲ್ಲ ಎಂದು ಫಿಲ್ಟರು ತೀರ್ಮಾನಿಸಿರುತ್ತದೆ. ಶೆಟ್ಟರು ಎಣ್ಣೆ ತುಂಬಿದ ಪಾತ್ರೆಯನ್ನು ತಕ್ಕಡಿಯಲ್ಲೇ ಬಿಟ್ಟು, ಮೂರು ಸೆಕೆಂಡಿಗೊಮ್ಮೆ ಮುಳ್ಳನ್ನು ಸೊನ್ನೆಗೆ ತರುತ್ತ ಕೂತರೆ ಏನಾಗುತ್ತದೋ ಅದು. ಸ್ವಲ್ಪ ಹೊತ್ತಿನಲ್ಲಿ ಎಣ್ಣೆಯೇ ಇಲ್ಲ ಎನ್ನುತ್ತಾರೆ, ಪೂರ್ತಿ ಪ್ರಾಮಾಣಿಕವಾಗಿ.

ಈ ಚೀಟಿಯನ್ನು ಹಿಡಿದುಕೊಂಡು ಆ ಸಾಧನದ ಇಂಜಿನಿಯರುಗಳ ಜೊತೆ ಕೂತೆ. ಒಬ್ಬ ವೈದ್ಯ ಬಾರ್ಕರ್ ಸಂಕೇತದ ಮಾತೆತ್ತಿದ್ದಕ್ಕೆ ಅವರು ಮೊದಲು ಅನುಮಾನದಿಂದ ನೋಡಿದರು. ಅವರು ತಿಳಿಯದವರಲ್ಲ. ರಿಸೀವರ್ ಬಿಸಿಯಾದಂತೆ ಆಫ್‌ಸೆಟ್ ಜರುಗಿ ಉಸಿರಿನ ಗೆರೆ ಪರದೆಯಿಂದಾಚೆ ಓಡುತ್ತಿತ್ತು, ಅದನ್ನು ಹಿಡಿಯಲು ಹಾಕಿದ ಫಿಲ್ಟರ್ ಎಂದರು. ಮಲಗಿದವನು ಅಲುಗದಿದ್ದರೆ ಎಂಬ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕೇಳಬೇಕಾದವರು ನಾವು, ವೈದ್ಯರು. ನಮ್ಮಲ್ಲಿ ಯಾರೂ ಆ ಸಾಧನದ ಒಳಗೆ ಏನನ್ನು ಕಳೆಯುತ್ತಿದ್ದಾರೆ ಎಂದು ವಿಚಾರಿಸಿರಲಿಲ್ಲ. ಎರಡು ಕಡೆಯವರೂ ಔಪಚಾರಿಕವಾಗಿ ಕೈಕುಲುಕಿ ಕಾಗದಕ್ಕೆ ಸಹಿ ಹಾಕಿದ್ದೆವು.

ಆರು ತಿಂಗಳ ಮೇಲೆ ಹೊಸ ಮಾದರಿ ಬಂತು. ರಿಸೀವರಿನ ಆಫ್‌ಸೆಟ್ಟನ್ನು ಈಗ ವೇಗದ ಗಡಿಯಾರದಲ್ಲಿ, ಮೊತ್ತ ಸೊನ್ನೆಯ ಅಚ್ಚಿನಿಂದ ಕಳೆಯುತ್ತಾರೆ. ಗೋಡೆ, ಮಂಚಗಳಿಗೆ ಶೆಟ್ಟರ ಪದ್ಧತಿ: ಕೋಣೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಅಳೆದು ನಕ್ಷೆ ಬರೆದಿಟ್ಟುಕೊಂಡು ಅದನ್ನು ಕಳೆಯುವುದು, ರೋಗಿ ಮಲಗಿದ ಮೇಲೆ ಆ ನಕ್ಷೆಯನ್ನು ಮುಟ್ಟದಿರುವುದು. ನಾನು ಮತ್ತೆ ಮಲಗಿ ಉಸಿರು ಹಿಡಿದೆ. ಈ ಸಲ ಗಂಟೆ ಎಷ್ಟು ಜೋರಾಗಿ ಬಾರಿಸಿತೆಂದರೆ ಪಕ್ಕದ ಕೋಣೆಯಿಂದ ಇಬ್ಬರು ನರ್ಸುಗಳು ಓಡಿಬಂದರು. ಕಣ್ಣು ಬಿಟ್ಟು ನಕ್ಕದ್ದಕ್ಕೆ ಅವರಿಂದ ಬೈಸಿಕೊಂಡೆ.

ಎಲ್ಲವೂ ಸರಿಹೋಯಿತು ಎಂದು ಹೇಳಿ ಮುಗಿಸುವ ಆಸೆ ಇತ್ತು. ಮೂರನೇ ರಾತ್ರಿ ಮತ್ತೆ ಗಂಟೆ ಬಾರಿಸಿತು. ನರ್ಸ್ ಓಡಿದರು. ರೋಗಿ ಹಾಸಿಗೆಯಲ್ಲಿರಲಿಲ್ಲ, ಬಚ್ಚಲಿಗೆ ಹೋಗಿದ್ದರು. ಸಂಜೆ ನೋಡಲು ಬಂದ ಅವರ ಹೆಂಡತಿ ಮೂಲೆಯ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತು, ಹಾಗೇ ಬಿಟ್ಟು ಹೋಗಿದ್ದರು. ನಕ್ಷೆಯಲ್ಲಿ ಆ ಜಾಗದಲ್ಲಿ ಕುರ್ಚಿ ಇರಲಿಲ್ಲ. ಕುರ್ಚಿಗೆ ಇಪ್ಪತ್ತು ಸೆಕೆಂಡಿನಿಂದ ಉಸಿರಿಲ್ಲ ಎಂದು ರೇಡಾರ್ ಕೂಗಿಕೊಂಡಿತ್ತು.

ಹಳೆಯ ಫಿಲ್ಟರಿನಲ್ಲಿ ಈ ತೊಂದರೆ ಇರಲಿಲ್ಲ, ಕುರ್ಚಿಯನ್ನು ಅದು ಹತ್ತು ಸೆಕೆಂಡಿನಲ್ಲಿ ಮರೆಯುತ್ತಿತ್ತು. ಅದನ್ನೇ ವಾಪಸು ಹಾಕಿಬಿಡಿ ಎಂದು ರಾತ್ರಿ ಪಾಳಿಯವರು ನನ್ನ ಹತ್ತಿರ ಜಗಳ ಆಡಿದರು. ಅವರ ಕಾಲು ನೋವು ನನಗೆ ಅರ್ಥವಾಗುತ್ತದೆ. ನಾನು ಒಪ್ಪಲಿಲ್ಲ. ಇಂಜಿನಿಯರುಗಳು ಕುರ್ಚಿಗೂ ಮನುಷ್ಯನಿಗೂ ವ್ಯತ್ಯಾಸ ಕಂಡುಹಿಡಿಯುವ ಇನ್ನೊಂದು ಲೆಕ್ಕದ ಮೇಲೆ ಕೆಲಸ ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಆ ಕೋಣೆಯ ನೆಲದ ಮೇಲೆ ಕುರ್ಚಿಯ ನಾಲ್ಕು ಕಾಲಿಗೂ ಹಳದಿ ಟೇಪಿನಿಂದ ಗುರುತು ಹಾಕಿದ್ದೇವೆ.

ಹೋಳಿಗೆ ಆರುವ ಮೊದಲು ಪ್ರಶ್ನೆಗಳಿದ್ದರೆ ಕೇಳಿ. ಚೀಟಿಯಲ್ಲಿ ಲೆಕ್ಕ ಮಾಡಿದ ಮಕ್ಕಳು −72 ಬಂತೋ ಇಲ್ಲವೋ ನನಗೆ ತೋರಿಸಿ.